ಬಿಸಿಯೇರುವ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್: ಬೆಂಗಳೂರಿನಲ್ಲಿ ಕೊಳ್ಳುವ ಮುಂಚೆ ಮಾಡಬೇಕಾದ ಲೆಕ್ಕ

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗದ ಪೇಟೆ ಎಸ್.ಪಿ. ರೋಡಿನ ಯಾವುದಾದರೂ ಅಂಗಡಿಗೆ ಹೋಗಿ ಕೋರ್ ಐ9 ಅಥವಾ ರೈಜನ್ 9 ಪ್ರೊಸೆಸರ್ ಕೇಳಿ ನೋಡಿ. ಬಿಲ್ ಬರೆಯುವ ಮುಂಚೆಯೇ "360 ಹಾಕ್ಸಿಬಿಡಿ ಸರ್, ಟೆನ್ಷನ್ ಇರಲ್ಲ" ಅನ್ನುವ ಸಲಹೆ ಬರುತ್ತದೆ. 360 ಅಂದರೆ 120 ಮಿ.ಮೀ. ಫ್ಯಾನ್ ಮೂರಿರುವ ಲಿಕ್ವಿಡ್ ಕೂಲರ್. ಬಹಳ ಸಲ ಆ ಸಲಹೆ ಸರಿಯೇ. ಆದರೆ ಹೇಳಿದವರು ನಿಮ್ಮ ಕ್ಯಾಬಿನೆಟ್ ನೋಡಿಲ್ಲ, ನಿಮ್ಮ ಕೆಲಸ ಏನು ಅಂತ ಕೇಳಿಲ್ಲ, ಏಪ್ರಿಲ್ ಮಧ್ಯಾಹ್ನ ನಿಮ್ಮ ಕೋಣೆ ಎಷ್ಟು ಕಾದಿರುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಈ ಮೂರು ಸಂಗತಿ ನಿಮಗೆ ಗೊತ್ತಿದ್ದರೆ ಕೂಲರ್ ಆರಿಸುವುದು ಕಷ್ಟದ ಕೆಲಸವೇ ಅಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಅದು ಬರೀ ಅಂದಾಜು.

ಇಲ್ಲಿ ಹೇಳುತ್ತಿರುವುದು ಎಐಒ (ಆಲ್-ಇನ್-ಒನ್) ಅಂತ ಕರೆಯುವ ಲಿಕ್ವಿಡ್ ಕೂಲರ್ ಬಗ್ಗೆ. ಕಾರ್ಖಾನೆಯಲ್ಲೇ ದ್ರವ ತುಂಬಿ ಸೀಲ್ ಮಾಡಿರುತ್ತಾರೆ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆ, ಹೆಚ್ಚಿನವುಗಳಲ್ಲಿ ಅದರ ತಲೆಯ ಮೇಲೇ ಪಂಪ್, ಎರಡು ರಬ್ಬರ್ ಟ್ಯೂಬ್, ಫ್ಯಾನ್ ಕೂರಿಸಿದ ರೇಡಿಯೇಟರ್, ಇಷ್ಟೇ. ಪ್ರೊಸೆಸರ್‌ನ ಬಿಸಿಯನ್ನು ದ್ರವ ಹೊತ್ತುಕೊಂಡು ರೇಡಿಯೇಟರ್‌ಗೆ ಹೋಗುತ್ತದೆ, ಫ್ಯಾನ್ ಅದನ್ನು ಗಾಳಿಗೆ ಬಿಡುತ್ತದೆ. ಬಿಡಿಭಾಗ ತಂದು ನೀವೇ ಜೋಡಿಸುವ ಕಸ್ಟಮ್ ಲೂಪ್ ಬೇರೆ ವಿಷಯ, ಅದರ ಬಗ್ಗೆ ಮುಂದೆ ಎರಡು ಮಾತು ಹೇಳುತ್ತೇನೆ.

ಮೊದಲು, ನಿಜವಾಗಿಯೂ ತೊಂದರೆ ಇದೆಯಾ ನೋಡಿ

ಪರದೆಯ ಮೇಲೆ 90 ಡಿಗ್ರಿ ಕಂಡ ತಕ್ಷಣ ಗಾಬರಿಯಾಗುವವರು ಜಾಸ್ತಿ. ಎಎಂಡಿಯ ರೈಜನ್ 9 7950ಎಕ್ಸ್‌ನ ಗರಿಷ್ಠ ಮಿತಿ 95 ಡಿಗ್ರಿ. ಪೂರ್ತಿ ಕೆಲಸ ಕೊಟ್ಟರೆ ಅದು ಬೇಕಂತಲೇ 95ರ ತನಕ ಹೋಗಿ ಅಲ್ಲೇ ನಿಂತು ಓಡುತ್ತದೆ, ಅದನ್ನು ಮಾಡಿರುವುದೇ ಹಾಗೆ. ದೊಡ್ಡ ಕೂಲರ್ ಹಾಕಿದರೆ ಡಿಗ್ರಿ ಇಳಿಯುವ ಬದಲು ವೇಗ ಸ್ವಲ್ಪ ಏರಬಹುದು. ಇಂಟೆಲ್‌ನ ಐ9-14900ಕೆ ಮಿತಿ 100 ಡಿಗ್ರಿ. ಕೋರ್ ಅಲ್ಟ್ರಾ 9 285ಕೆಗೆ 105. ರೈಜನ್ 7 7800ಎಕ್ಸ್3ಡಿಗೆ 89 ಮಾತ್ರ. ಅಂದರೆ ಒಂದೇ 88 ಡಿಗ್ರಿ ಒಂದು ಚಿಪ್‌ಗೆ ಅಂಚು, ಇನ್ನೊಂದಕ್ಕೆ ಏನೂ ಅಲ್ಲ.

ಹಾಗಾಗಿ ಡಿಗ್ರಿ ಒಂದನ್ನೇ ನೋಡಬೇಡಿ. ಎಚ್‌ಡಬ್ಲ್ಯೂ-ಇನ್ಫೋ ಹಾಕಿಕೊಳ್ಳಿ, ಕಂಪ್ಯೂಟರ್‌ನ ಬಿಸಿ, ವಾಟ್, ವೇಗ ತೋರಿಸುವ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮೂರು ಸಾಲು ಗಮನಿಸಿ: ಪ್ರೊಸೆಸರ್ ಎಷ್ಟು ವಾಟ್ ಎಳೆಯುತ್ತಿದೆ, ಕೋರ್‌ಗಳ ವೇಗ ಎಷ್ಟಿದೆ, ಥರ್ಮಲ್ ಥ್ರಾಟ್ಲಿಂಗ್ (ಬಿಸಿ ಮಿತಿ ಮುಟ್ಟಿ ವೇಗ ತಗ್ಗಿಸುವುದು) ಅನ್ನುವ ಕಡೆ ಹೌದು ಅಂತ ಬಂದಿದೆಯಾ. ಪ್ರೊಸೆಸರ್‌ಗೆ ಪೂರ್ತಿ ಭಾರ ಹಾಕುವ ಸಿನೆಬೆಂಚ್ ಅನ್ನುವ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ಬಿಡದೆ ಓಡಿಸಿ. ವಾಟ್ ಮತ್ತು ವೇಗ ಶುರುವಿನಲ್ಲಿ ಇದ್ದಷ್ಟೇ ಕೊನೆಗೂ ಇದ್ದರೆ ನಿಮ್ಮ ಈಗಿನ ಕೂಲರ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ನಿಮಿಷ ಕಳೆದಂತೆ ಎರಡೂ ಕುಸಿಯುತ್ತಾ ಬಂದು, ಡಿಗ್ರಿ ಮಾತ್ರ ಮಿತಿಗೆ ಅಂಟಿಕೊಂಡು ನಿಂತಿದ್ದರೆ ಆಗ ಕೂಲರ್ ಸಾಲುತ್ತಿಲ್ಲ. ಇಂಟೆಲ್ ಆಗಿದ್ದರೆ ಒಂದು ಎಚ್ಚರಿಕೆ: ವಾಟ್ ಮಿತಿಯಿಂದಲೂ ವೇಗ ಇಳಿಯಬಹುದು, ಆಗ ಡಿಗ್ರಿಯೂ ಜೊತೆಗೆ ಇಳಿದಿರುತ್ತದೆ. ಅದು ಕೂಲರ್ ತಪ್ಪಲ್ಲ.

ಇನ್ನೊಂದು ಪರೀಕ್ಷೆ ಪುಕ್ಕಟೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಸಿನೆಬೆಂಚ್ ಮತ್ತೆ ಓಡಿಸಿ. ಡಿಗ್ರಿ ಚೆನ್ನಾಗಿ ಇಳಿದರೆ ತೊಂದರೆ ಇರುವುದು ಕೂಲರ್‌ನಲ್ಲಲ್ಲ, ಕ್ಯಾಬಿನೆಟ್ ಉಸಿರಾಡುತ್ತಿಲ್ಲ ಅಷ್ಟೇ. ಮುಂದುಗಡೆ ಪೂರ್ತಿ ಗಾಜಿರುವ ಕ್ಯಾಬಿನೆಟ್‌ಗಳಲ್ಲಿ ಇದು ಸಾಮಾನ್ಯ. ಎರಡು ಒಳ್ಳೆ ಫ್ಯಾನ್ ಅಥವಾ ಜಾಲರಿ ಮುಖದ ಕ್ಯಾಬಿನೆಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಲಿಕ್ವಿಡ್ ಕೂಲರ್ ಯಾಕೆ, ಅಲ್ವಾ?

ಕೋಣೆಯ ಸೆಕೆ ಲೆಕ್ಕಕ್ಕೆ ತೆಗೆದುಕೊಳ್ಳಿ

ಬೆಂಗಳೂರಿನಲ್ಲಿ ಇದನ್ನು ಬಹಳ ಜನ ಮರೆಯುತ್ತಾರೆ, ಯಾಕೆಂದರೆ ನಮ್ಮೂರು ತಂಪು ಅನ್ನುವ ನಂಬಿಕೆ. ಡಿಸೆಂಬರ್ ರಾತ್ರಿಗೆ ಆ ಮಾತು ನಿಜ. ಏಪ್ರಿಲ್ ಮಧ್ಯಾಹ್ನಕ್ಕೆ ಅಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಬೇಸಿಗೆಯಲ್ಲಿ 35ರ ಆಸುಪಾಸು ಈಗ ಸಾಮಾನ್ಯ. ಮೇಲಿನ ಮಹಡಿಯಲ್ಲಿದ್ದರೆ, ತಾರಸಿ ಕಾಂಕ್ರೀಟ್ ದಿನವಿಡೀ ಕಾದು ರಾತ್ರಿ ಹತ್ತಾದರೂ ಕೋಣೆಗೆ ಬಿಸಿ ಬಿಡುತ್ತಲೇ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎಸಿ ಇಲ್ಲ, ಈಚಿನ ತನಕ ಬೇಕಾಗಿಯೂ ಇರಲಿಲ್ಲ.

ಯಾವ ಎಐಒ ಕೂಡ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಅದು ಮಾಡುವುದು ಒಂದೇ, ಕೋಣೆಗೂ ಪ್ರೊಸೆಸರ್‌ಗೂ ಇರುವ ಅಂತರವನ್ನು ಕಡಿಮೆ ಇಡುವುದು. ಆದ್ದರಿಂದ ಲೆಕ್ಕ ಹೀಗೆ ಮಾಡಿ. ಕೋಣೆ 24 ಡಿಗ್ರಿ ಇದ್ದಾಗ ಪ್ರೊಸೆಸರ್ 82 ತೋರಿಸಿದರೆ ಅಂತರ 58. ವಾಟ್ ಅಷ್ಟೇ ಇದ್ದು, ಫ್ಯಾನ್ ವೇಗವೂ ಅಷ್ಟೇ ಇದ್ದರೆ, ಕೋಣೆ 34 ಆದಾಗ ಪ್ರೊಸೆಸರ್ ಸುಮಾರು 92ಕ್ಕೆ ಬರುತ್ತದೆ. ಜನವರಿಯಲ್ಲಿ ಪಾಸಾದ ಕೂಲರ್ ಏಪ್ರಿಲ್‌ನಲ್ಲಿ ಫೇಲಾಗುವುದು ಹೀಗೆ. ವಿಮರ್ಶೆ ಓದುವಾಗಲೂ ಅವರು ಕೋಣೆಯನ್ನು ಎಷ್ಟು ಡಿಗ್ರಿಯಲ್ಲಿಟ್ಟು ಅಳೆದರು ಅಂತ ಹುಡುಕಿ. ಸಾಮಾನ್ಯವಾಗಿ 20ರಿಂದ 23 ಇರುತ್ತದೆ. ನಿಮ್ಮ ಏಪ್ರಿಲ್ ಕೋಣೆಗೆ ಅದರ ಮೇಲೆ ಹತ್ತು ಹನ್ನೆರಡು ಸೇರಿಸಿಕೊಳ್ಳಿ.

ಇದರ ಜೊತೆ ಇನ್ನೊಂದು ಸಣ್ಣ ಸಂಗತಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ 8ರಿಂದ 10ರಷ್ಟು ತೆಳು. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಬಿಸಿ ಅಷ್ಟರಮಟ್ಟಿಗೆ ಕಡಿಮೆ. ಇದಕ್ಕಾಗಿ ದೊಡ್ಡ ಕೂಲರ್ ಕೊಳ್ಳಬೇಕು ಅಂತ ಅಲ್ಲ, ಆದರೆ ಅಂಚಿನಲ್ಲಿ ಸಾಲುವಂಥದ್ದನ್ನು ಕೊಳ್ಳಬೇಡಿ.

ಲಿಕ್ವಿಡ್ ಕೂಲರ್ ಹಾಕಿದರೆ ಕೋಣೆ ತಂಪಾಗುತ್ತದೆ ಅನ್ನುವುದನ್ನೂ ಕೇಳುತ್ತಿರುತ್ತೇನೆ. ಆಗಲ್ಲ. ಪ್ರೊಸೆಸರ್ 250 ವಾಟ್ ಎಳೆದರೆ ಆ 250 ವಾಟ್ ಪೂರ್ತಿ ನಿಮ್ಮ ಕೋಣೆಗೇ ಬರುತ್ತದೆ, ಯಾವ ಕೂಲರ್ ಆದರೂ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಎರಡು ಗಂಟೆ ವಿಡಿಯೊ ರೆಂಡರ್ ಮಾಡಿದರೆ ಕೋಣೆಯೇ ಕಾದು, ಆ ಕಾದ ಗಾಳಿಯೇ ಮತ್ತೆ ರೇಡಿಯೇಟರ್‌ಗೆ ಹೋಗುತ್ತದೆ. ಕಿಟಕಿ ತೆರೆದಿಡುವುದು, ಕ್ಯಾಬಿನೆಟನ್ನು ಗೋಡೆಯಿಂದ ಒಂದು ಅಡಿ ಈಚೆ ಇಡುವುದು, ಮೇಜಿನ ಗೂಡಿನಿಂದ ಹೊರಗೆ ತರುವುದು, ಇವಕ್ಕೆ ದುಡ್ಡು ಬೇಡ. ಇನ್ನು ಮಳೆಗಾಲದಲ್ಲಿ ಟ್ಯೂಬ್ ಮೇಲೆ ನೀರು ಕಟ್ಟಿ ಬೋರ್ಡ್ ಮೇಲೆ ತೊಟ್ಟಿಕ್ಕುತ್ತದೆ ಅನ್ನುವ ಭಯ ಬಿಡಿ. ತೇವ ಕಟ್ಟಬೇಕಾದರೆ ಟ್ಯೂಬ್ ಕೋಣೆಗಿಂತ ತಣ್ಣಗಿರಬೇಕು. ಎಐಒನಲ್ಲಿ ಅದು ಎಂದೂ ಹಾಗಿರುವುದಿಲ್ಲ.

ವಾಟ್ ಲೆಕ್ಕ, ಅದರಿಂದ ರೇಡಿಯೇಟರ್ ಗಾತ್ರ

ಇಡೀ ಆಯ್ಕೆಯ ಬೆನ್ನೆಲುಬು ಇದು. ಡಬ್ಬಿಯ ಮೇಲಿನ ಟಿಡಿಪಿ, ಅಂದರೆ ಕಂಪನಿ ಹೇಳುವ ಮೂಲ ವಾಟ್ ಲೆಕ್ಕ, ನಂಬಿ ಕೂರಬೇಡಿ. 14900ಕೆ ಡಬ್ಬಿಯಲ್ಲಿ 125 ವಾಟ್ ಅಂತಿದ್ದರೂ ಅದರ ಗರಿಷ್ಠ ಟರ್ಬೊ ಮಿತಿ 253 ವಾಟ್. 14700ಕೆಗೂ 253. 14600ಕೆಗೆ 181. ಅಲ್ಟ್ರಾ 9 285ಕೆಗೆ 250. ರೈಜನ್ 9 7950ಎಕ್ಸ್‌ನ ಟಿಡಿಪಿ 170 ವಾಟ್, ಆದರೆ ಸಾಕೆಟ್‌ನಿಂದ ಎಳೆಯಬಹುದಾದ ಮಿತಿ, ಅಂದರೆ ಪಿಪಿಟಿ, 230. 7800ಎಕ್ಸ್3ಡಿಯ ಮಿತಿ 162 ಆದರೂ ಆಟದಲ್ಲಿ ಅದು ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ.

ಮಿತಿ ಎಷ್ಟು ಅನ್ನುವುದು ಒಂದು, ಆ ಮಿತಿಯಲ್ಲಿ ಎಷ್ಟು ಹೊತ್ತು ಇರುತ್ತೀರಿ ಅನ್ನುವುದು ಇನ್ನೊಂದು. ಬರೀ ಆಟ ಆಡುವವರ ಪ್ರೊಸೆಸರ್ ಆ ಮಿತಿ ಮುಟ್ಟುವುದೇ ಅಪರೂಪ, ಅಲ್ಲಿ ಭಾರ ಗ್ರಾಫಿಕ್ಸ್ ಕಾರ್ಡ್ ಮೇಲೆ. ಬ್ಲೆಂಡರ್ ರೆಂಡರ್, ದೊಡ್ಡ ಕೋಡ್ ಕಂಪೈಲ್, ವಿಡಿಯೊ ಎನ್‌ಕೋಡ್ ಮಾಡುವವರದ್ದು ಗಂಟೆಗಟ್ಟಲೆ ಮಿತಿಯಲ್ಲೇ ನಿಂತಿರುತ್ತದೆ. ಒಂದೇ ಪ್ರೊಸೆಸರ್, ಬೇರೆ ಬೇರೆ ಕೂಲರ್ ಬೇಕು. ಅಂಗಡಿಯಲ್ಲಿ ಈ ಪ್ರಶ್ನೆ ಯಾರೂ ಕೇಳದಿದ್ದರೆ ನೀವೇ ನಿಮ್ಮನ್ನು ಕೇಳಿಕೊಳ್ಳಿ.

ಕೂಲರ್ ನೋಡುವ ಮುಂಚೆ ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ) ಹೋಗಿ ನೋಡಲೇಬೇಕು. ಎಷ್ಟೋ ಇಂಟೆಲ್ ಮದರ್‌ಬೋರ್ಡ್‌ಗಳು ಹೊರಗೆ ಬರುವಾಗಲೇ ವಾಟ್ ಮಿತಿಯನ್ನು 4095ಕ್ಕೆ ಇಟ್ಟಿರುತ್ತಿದ್ದವು, ಅಂದರೆ ಮಿತಿಯೇ ಇಲ್ಲ. ಪ್ರೊಸೆಸರ್ 300 ವಾಟ್ ದಾಟಿ ಎಳೆಯುತ್ತದೆ, ನೀವು ಕೂಲರ್ ಬೈಯುತ್ತೀರಿ. ಮೊದಲು ಅದನ್ನು ಇಂಟೆಲ್ ಹೇಳಿದ ಮಿತಿಗೆ ತನ್ನಿ. 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್ ಇದ್ದರೆ ಬಯೋಸ್ ಅಪ್‌ಡೇಟ್ ಕಡ್ಡಾಯ. ಅತಿ ವೋಲ್ಟೇಜ್‌ನಿಂದ ಆ ಚಿಪ್‌ಗಳು ಕಾಲಕ್ರಮೇಣ ಹಾಳಾಗುತ್ತಿದ್ದವು. ಅದಕ್ಕೆ ಇಂಟೆಲ್ 2024ರ ಆಗಸ್ಟ್‌ನಲ್ಲಿ 0x129 ಅನ್ನುವ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶದ ತಿದ್ದುಪಡಿ), ಸೆಪ್ಟೆಂಬರ್‌ನಲ್ಲಿ 0x12ಬಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಈ ತೊಂದರೆಗೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪರಿಹಾರವಲ್ಲ.

ಒಂದು ಹೆಜ್ಜೆ ಮುಂದೆ ಹೋಗಿ ಮಿತಿಯನ್ನು ನೀವೇ ಇಳಿಸಬಹುದು. 253 ವಾಟ್ ಚಿಪ್‌ಗೆ 200 ಇಟ್ಟು ನಿಮ್ಮ ಕೆಲಸ ಎಷ್ಟು ನಿಧಾನವಾಯಿತು ಅಳೆಯಿರಿ. ಕೊನೆಯ ಐವತ್ತು ವಾಟ್ ತರುವ ವೇಗ ಬಹಳ ಸ್ವಲ್ಪ, ತರುವ ಬಿಸಿ ಜಾಸ್ತಿ. ರೈಜನ್‌ನಲ್ಲಿ ಇಕೋ ಮೋಡ್ ಇದೆ. 105 ವಾಟ್ ಆಯ್ಕೆ ಮಾಡಿದರೆ ಪಿಪಿಟಿ 142ಕ್ಕೆ ನಿಲ್ಲುತ್ತದೆ. ಬಯೋಸ್‌ನ ಕರ್ವ್ ಆಪ್ಟಿಮೈಜರ್ ಅನ್ನುವ ಆಯ್ಕೆಯಲ್ಲಿ ವೋಲ್ಟೇಜ್ ಸ್ವಲ್ಪ ಇಳಿಸಿದರೆ ಇನ್ನೂ ತಂಪು. ದಿನವಿಡೀ ರೆಂಡರ್ ಮಾಡುವವರಿಗೂ ನಾನು ಇದನ್ನೇ ಮೊದಲು ಮಾಡಿ ಅನ್ನುತ್ತೇನೆ, ಯಾಕೆಂದರೆ ಇದರಿಂದ ಬೆಸ್ಕಾಂ ಬಿಲ್ಲೂ ಇಳಿಯುತ್ತದೆ, ಕೋಣೆಯೂ ಕಡಿಮೆ ಕಾಯುತ್ತದೆ, ಕೂಲರ್ ಗಾತ್ರವೂ ಒಂದು ಮೆಟ್ಟಿಲು ಇಳಿಯಬಹುದು.

ಈಗ ಗಾತ್ರ. ಹೊತ್ತುಗಟ್ಟಲೆ 150 ವಾಟ್ ಒಳಗೆ ಇದ್ದರೆ ಲಿಕ್ವಿಡ್ ಬೇಡವೇ ಬೇಡ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120, ಡೀಪ್‌ಕೂಲ್ ಎಕೆ620, ನಾಕ್ಟುವಾ ಎನ್‌ಎಚ್-ಡಿ15 ಥರದ ಎರಡು ಗೋಪುರದ ಏರ್ ಕೂಲರ್ ಸಾಕು. ಪಂಪ್ ಇಲ್ಲ, ಕೆಡುವುದಕ್ಕೆ ಫ್ಯಾನ್ ಒಂದೇ. 150ರಿಂದ 200 ವಾಟ್‌ಗೆ 240 ಅಥವಾ 280. 200ರಿಂದ 250ಕ್ಕೆ 280 ಅಥವಾ 360. ಅದರ ಮೇಲೆ ಹೊತ್ತುಗಟ್ಟಲೆ ಓಡಿಸುವುದಾದರೆ 360 ಅಥವಾ 420, ಇಲ್ಲವೇ ಮಿತಿ ಇಳಿಸುವುದು. 120ರ ಒಂಟಿ ಫ್ಯಾನ್ ಎಐಒ ಬಿಸಿ ಪ್ರೊಸೆಸರ್‌ಗೆ ಬೇಡ, ಅದೇ ದುಡ್ಡಿಗೆ ಒಳ್ಳೆ ಏರ್ ಕೂಲರ್ ಬರುತ್ತದೆ.

280 ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೆ ಅದು ಬಹಳ ಇಷ್ಟ. 240ರಲ್ಲಿ 120 ಮಿ.ಮೀ. ಫ್ಯಾನ್ ಎರಡು, 280ರಲ್ಲಿ 140ರ ಫ್ಯಾನ್ ಎರಡು, 360ರಲ್ಲಿ 120ರದ್ದು ಮೂರು. ಫ್ಯಾನ್ ಕೂರುವ ವಿಸ್ತೀರ್ಣ ಲೆಕ್ಕ ಹಾಕಿ: 240ಕ್ಕೆ 28,800 ಚದರ ಮಿ.ಮೀ., 280ಕ್ಕೆ 39,200, 360ಕ್ಕೆ 43,200. ಹೆಸರಿನಲ್ಲಿ 240ರ ಪಕ್ಕ ಇದೆ, ಕೆಲಸದಲ್ಲಿ 360ರ ಹತ್ತಿರ. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಗಾಳಿ ಸಾಕಷ್ಟು ತಳ್ಳುತ್ತದೆ, ಸದ್ದು ಕಡಿಮೆ. ನಿಮ್ಮ ಕ್ಯಾಬಿನೆಟ್ ಒಪ್ಪಿದರೆ ಇದನ್ನು ಖಂಡಿತ ನೋಡಿ.

ಟೇಪು ಹಿಡಿದು ಕ್ಯಾಬಿನೆಟ್ ಅಳೆಯಿರಿ

"360 ಸಪೋರ್ಟ್" ಅಂತ ಕ್ಯಾಬಿನೆಟ್ ಡಬ್ಬಿಯ ಮೇಲಿದ್ದರೆ ಮುಂದೆಯಾ, ಮೇಲೆಯಾ, ಎಷ್ಟು ದಪ್ಪದ್ದು ಅನ್ನುವುದು ಅದರಲ್ಲಿ ಇರುವುದಿಲ್ಲ. ಸಾಮಾನ್ಯ ರೇಡಿಯೇಟರ್ 27 ಮಿ.ಮೀ. ದಪ್ಪ, ಫ್ಯಾನ್ 25. ಒಟ್ಟು 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರ ರೇಡಿಯೇಟರ್ 38 ಮಿ.ಮೀ., ಫ್ಯಾನ್ ಸೇರಿ 63. ಈ ಹನ್ನೊಂದು ಮಿ.ಮೀ. ವ್ಯತ್ಯಾಸದಲ್ಲೇ ಅದು ಕೂರುತ್ತದೋ ಇಲ್ಲವೋ ತೀರ್ಮಾನವಾಗುವುದು. ಉದ್ದವೂ ಅಷ್ಟೇ: 360 ಅಂದರೆ ಬರೀ ಫ್ಯಾನ್‌ಗಳ ಉದ್ದ. ಎರಡು ತುದಿಯ ಟ್ಯಾಂಕ್ ಸೇರಿದರೆ ರೇಡಿಯೇಟರ್ 400 ಮಿ.ಮೀ. ಹತ್ತಿರ ಬರುತ್ತದೆ. ಕೊಳ್ಳಬೇಕೆಂದಿರುವ ಮಾಡೆಲ್‌ನ ಅಳತೆಯನ್ನು ಕಂಪನಿಯ ಪುಟದಲ್ಲೇ ನೋಡಿ.

ಮೇಲೆ ಕೂರಿಸುವುದಾದರೆ ಮದರ್‌ಬೋರ್ಡ್‌ನ ಮೇಲಂಚಿನಿಂದ ಕ್ಯಾಬಿನೆಟ್ ಛಾವಣಿಗೆ ಎಷ್ಟು ಜಾಗ ಅಳೆಯಿರಿ. ರ‍್ಯಾಮ್ ಎತ್ತರದ್ದಾಗಿದ್ದರೆ, ತಲೆ ಮೇಲೆ ದೀಪ ಇರುವಂಥದ್ದಾಗಿದ್ದರೆ, ಫ್ಯಾನ್ ಅದಕ್ಕೆ ತಗುಲಬಹುದು. ಪವರ್ ಭಾಗದ ಹೀಟ್‌ಸಿಂಕ್ ಕೂಡ ಅಡ್ಡ ಬರುತ್ತದೆ. 280 ಇಷ್ಟ ಅಂದೆನಲ್ಲ, ಅದಕ್ಕೆ ಇರುವ ತೊಡಕು ಇದೇ: 140 ಮಿ.ಮೀ. ಅಗಲ ಇರುವುದರಿಂದ ರ‍್ಯಾಮ್ ಕಡೆಗೆ ಇನ್ನಷ್ಟು ಚಾಚುತ್ತದೆ. ಮುಂದುಗಡೆ ಕೂರಿಸುವುದಾದರೆ ಗ್ರಾಫಿಕ್ಸ್ ಕಾರ್ಡ್ ಉದ್ದಕ್ಕೆ ಕ್ಯಾಬಿನೆಟ್ ಕೊಟ್ಟ ಅಳತೆಯಿಂದ ಆ 52 ಅಥವಾ 63 ಕಳೆಯಿರಿ. ಟ್ಯೂಬ್ ಅಷ್ಟು ದೂರ ತಲುಪುತ್ತದೆಯಾ ಅನ್ನುವುದನ್ನೂ ನೋಡಿ.

ಅಳತೆಯಲ್ಲಿ ಅನುಮಾನ ಉಳಿದರೆ ಥರ್ಮೊಕೋಲ್ ಹಾಳೆಯನ್ನು ರೇಡಿಯೇಟರ್ ಮತ್ತು ಫ್ಯಾನ್ ಸೇರಿದ ಅಳತೆಗೆ ಕತ್ತರಿಸಿ ಕ್ಯಾಬಿನೆಟ್ ಒಳಗೆ ಹಿಡಿದು ನೋಡಿ. ಹತ್ತು ನಿಮಿಷದ ಕೆಲಸ. ಪೀಣ್ಯದಿಂದ ಟೌನ್ ಹಾಲ್ ಹತ್ತಿರದ ಅಂಗಡಿಯ ತನಕ ಕೂಲರ್ ವಾಪಸ್ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.

ಎಲ್ಲಿ ಕೂರಿಸಬೇಕು, ಟ್ಯೂಬ್ ಯಾವ ಕಡೆ

ಸೀಲ್ ಮಾಡಿದ ಕೂಲರ್ ಒಳಗೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ವರ್ಷ ಕಳೆದಂತೆ ದ್ರವ ಟ್ಯೂಬ್ ಗೋಡೆಯ ಮೂಲಕ ಅಣುಅಣುವಾಗಿ ಆವಿಯಾಗಿ ಆ ಗಾಳಿ ಜಾಸ್ತಿಯಾಗುತ್ತದೆ. ಗಾಳಿ ಯಾವಾಗಲೂ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆ ಎತ್ತರದ ಜಾಗ ಪಂಪ್ ಆಗಿರಬಾರದು, ಅಷ್ಟೇ ನಿಯಮ. ಪಂಪ್‌ಗೆ ಗಾಳಿ ಸಿಕ್ಕರೆ ಗುಳುಗುಳು ಸದ್ದು, ಸವೆತ, ಬೇಗ ಸಾವು.

ಮೇಲೆ ಕೂರಿಸಿದರೆ ಈ ಚಿಂತೆ ಇಲ್ಲ. ಮುಂದೆ ಕೂರಿಸುವಾಗ ರೇಡಿಯೇಟರ್‌ನ ಮೇಲ್ತುದಿ ಪಂಪ್‌ಗಿಂತ ಎತ್ತರ ಇರಲಿ, ಸಾಧ್ಯವಾದರೆ ಟ್ಯೂಬ್‌ಗಳು ಕೆಳಗಿನ ತುದಿಯಲ್ಲಿ ಬರಲಿ. ಕ್ಯಾಬಿನೆಟ್‌ನ ತಳದಲ್ಲಿ ರೇಡಿಯೇಟರ್ ಇಟ್ಟು ಪಂಪ್ ಮೇಲಿರುವ ಜೋಡಣೆ ಮಾತ್ರ ಬೇಡ. ಚಿತ್ರದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಮೇಲೆಯಾ ಮುಂದೆಯಾ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸದಲ್ಲಿದೆ. ಮೇಲೆ ಇಟ್ಟು ಗಾಳಿ ಹೊರಗೆ ತಳ್ಳಿದರೆ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಗಾಳಿ ರೇಡಿಯೇಟರ್ ಮೂಲಕ ಹೋಗುತ್ತದೆ, ಪ್ರೊಸೆಸರ್ ಕೆಲವು ಡಿಗ್ರಿ ಜಾಸ್ತಿ ತೋರಿಸಬಹುದು. ಮುಂದೆ ಇಟ್ಟು ಒಳಗೆ ಎಳೆದರೆ ಪ್ರೊಸೆಸರ್‌ಗೆ ಕೋಣೆಯ ತಾಜಾ ಗಾಳಿ, ಆದರೆ ಆ ಬಿಸಿ ಗ್ರಾಫಿಕ್ಸ್ ಕಾರ್ಡ್‌ಗೆ. ರೆಂಡರ್, ಕಂಪೈಲ್‌ನಂಥ ಪ್ರೊಸೆಸರ್ ಕೆಲಸವೇ ಮುಖ್ಯವಾದರೆ ಮುಂದೆ. ಉಳಿದ ಎಲ್ಲರಿಗೂ ಮೇಲೆ. ಅನುಮಾನ ಇದ್ದರೆ ಮೇಲೆ.

ಡಬ್ಬಿಯ ಒಳಗೆ ಏನು ನೋಡಬೇಕು

ಸಾಕೆಟ್ ಕಿಟ್ ಮೊದಲು, ಅಂದರೆ ಪ್ರೊಸೆಸರ್ ಕೂರುವ ಸಾಕೆಟ್‌ಗೆ ಕೂಲರ್ ಬಿಗಿಯುವ ಬ್ರಾಕೆಟ್. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನ ತೂತುಗಳ ಅಂತರ 78 ಮಿ.ಮೀ., ಹಳೆಯ 1200ರದ್ದು 75. ಹಳೆ ಕೂಲರ್‌ಗೆ ಹೊಸ ಬ್ರಾಕೆಟ್ ಬೇಕು. 1851ಕ್ಕೆ 1700ರದ್ದೇ ಆಗುತ್ತದೆ. ಎಎಂಡಿಯ ಎಎಂ5 ಸಾಕೆಟ್‌ನಲ್ಲಿ ಮದರ್‌ಬೋರ್ಡ್ ಹಿಂದಿನ ಪ್ಲೇಟ್ ತೆಗೆಯಲು ಬರುವುದಿಲ್ಲ, ಆ ಪ್ಲೇಟಿಗೇ ಸ್ಕ್ರೂ ಹಾಕುವ ಕೂಲರ್ ಬೇಕು. ಎಎಂಡಿಯ ಈ ಚಿಪ್‌ಗಳಲ್ಲಿ ಬಿಸಿ ಹುಟ್ಟುವುದು ನಡುಮಧ್ಯದಲ್ಲಲ್ಲ, ಒಂದು ಬದಿಗೆ. ಆದ್ದರಿಂದ ತಾಮ್ರದ ತಟ್ಟೆಯನ್ನು ಸ್ವಲ್ಪ ಆ ಕಡೆ ಸರಿಸಿ ಕೂರಿಸುವ ಆಫ್‌ಸೆಟ್ ಬ್ರಾಕೆಟ್ ಕೊಟ್ಟಿದ್ದರೆ ಬಳಸಿ, ಒಂದೆರಡು ಡಿಗ್ರಿ ಸುಮ್ನೆ ಸಿಗುತ್ತದೆ. 1700 ಸಾಕೆಟ್‌ನ ಕ್ಲಿಪ್ ಪ್ರೊಸೆಸರನ್ನು ನಡುವೆ ಒತ್ತಿ ಸ್ವಲ್ಪ ಬಗ್ಗಿಸುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಫ್ರೇಮ್ ಅಂತ ಸಿಗುತ್ತದೆ, ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರಲ್ಲಿ ಜೊತೆಗೇ ಕೊಡುತ್ತಾರೆ.

ಪಂಪ್ ತಲೆ ಮೇಲೆ ಚಿತ್ರ ತೋರಿಸುವ ಎಲ್‌ಸಿಡಿ ಇರುವ ಮಾಡೆಲ್‌ಗಳಿಗೆ ಸಾವಿರಾರು ರೂಪಾಯಿ ಜಾಸ್ತಿ. ಆ ದುಡ್ಡಿಗೆ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಇಷ್ಟವಿದ್ದರೆ ತೆಗೆದುಕೊಳ್ಳಿ, ಆದರೆ ಎಲ್‌ಸಿಡಿ ಇರುವ 240ರ ಬದಲು ಎಲ್‌ಸಿಡಿ ಇಲ್ಲದ 360 ಅದೇ ಬೆಲೆಗೆ ಬರುತ್ತಿದ್ದರೆ ಎರಡನೆಯದನ್ನೇ ಹಿಡಿಯಿರಿ. ಅಂಥ ಮಾಡೆಲ್‌ಗಳಿಗೆ ಮದರ್‌ಬೋರ್ಡ್ ಒಳಗಿನ ಯುಎಸ್‌ಬಿ ಹೆಡರ್ (ತಂತಿ ಚುಚ್ಚುವ ಪಿನ್‌ಗಳ ಜಾಗ) ಬೇಕು, ಸಾಫ್ಟ್‌ವೇರ್ ಸದಾ ಓಡುತ್ತಿರಬೇಕು. ಲಿನಕ್ಸ್ ಬಳಸುವವರು ಇದನ್ನು ಮುಂಚೆಯೇ ವಿಚಾರಿಸಿ.

ಕಸ್ಟಮ್ ಲೂಪ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅದು ಚಂದ, ರಿಪೇರಿ ಮಾಡಬಹುದು, ಆದರೆ ದುಬಾರಿ, ವರ್ಷಕ್ಕೊಮ್ಮೆ ದ್ರವ ಬದಲಿಸುವ ತಾಳ್ಮೆ ಬೇಕು. ಅದಕ್ಕೆ ಬೋರ್‌ವೆಲ್ ನೀರು, ಕಾವೇರಿ ನೀರು, ಮನೆಯ ಫಿಲ್ಟರ್ ನೀರು ಯಾವುದೂ ಆಗದು. ಲವಣ ಕಟ್ಟಿಕೊಂಡು ತಾಮ್ರದ ತಟ್ಟೆಯ ಕೂದಲೆಳೆ ಸಂದುಗಳು ಮುಚ್ಚುತ್ತವೆ. ಅದಕ್ಕೆಂದೇ ಮಾಡಿದ ಕೂಲಂಟ್ ಬಳಸಿ. ಎಐಒಗೆ ನೀವೇ ನೀರು ತುಂಬುವ ಯೋಚನೆ ಮಾತ್ರ ಬೇಡ: ಹೆಚ್ಚಿನವುಗಳಲ್ಲಿ ತಟ್ಟೆ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ. ಒಳಗಿನ ದ್ರವದಲ್ಲಿರುವ ತುಕ್ಕು ನಿರೋಧಕ ಇಲ್ಲದಿದ್ದರೆ ಎರಡು ಲೋಹ ಸೇರಿ ಕೊರೆಯಲು ಶುರುವಾಗುತ್ತದೆ.

ಕೊಳ್ಳುವಾಗ

ಎಸ್.ಪಿ. ರೋಡಿಗೆ ಹೋಗುವುದಾದರೆ ವಾರದ ದಿನ ಬೆಳಗ್ಗೆ ಹೋಗಿ, ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಆನ್‌ಲೈನ್ ಬೆಲೆ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಮೂರ್ನಾಲ್ಕು ಕಡೆ ಕೇಳಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಎಐಒನಲ್ಲಿ ವಾರಂಟಿಯೇ ಅರ್ಧ ಬೆಲೆ ಅಂದುಕೊಳ್ಳಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕೇ ಬೇಕು.

ಮೂರು ಪ್ರಶ್ನೆ ಕೇಳಿ. ವಾರಂಟಿ ಎಷ್ಟು ವರ್ಷ? ಐದು ಅಥವಾ ಆರು ಇರುವ ಮಾಡೆಲ್‌ಗಳಿವೆ, ಎರಡು ಮೂರು ವರ್ಷದ್ದೂ ಇವೆ, ಬೆಲೆ ಹೋಲಿಸುವಾಗ ಇದನ್ನು ಸೇರಿಸಿ. ಸೋರಿ ಮದರ್‌ಬೋರ್ಡ್, ಕಾರ್ಡ್ ಹಾಳಾದರೆ ಅದನ್ನೂ ಕಂಪನಿ ಕಟ್ಟಿಕೊಡುತ್ತದೆಯಾ? ಬಾಯಿಮಾತು ಸಾಲದು, ಕಂಪನಿಯ ವಾರಂಟಿ ಪುಟ ತೆರೆಸಿ ಓದಿ. ಕೆಟ್ಟರೆ ಬೆಂಗಳೂರಿನಲ್ಲೇ ಯಾರಿಗೆ ಕೊಡಬೇಕು, ಅಥವಾ ನಾವೇ ಕೊರಿಯರ್ ಮಾಡಬೇಕಾ? ಸೆಕೆಂಡ್ ಹ್ಯಾಂಡ್ ಎಐಒ ಎಷ್ಟೇ ಅಗ್ಗವಾದರೂ ಬೇಡ. ಪಂಪ್ ಎಷ್ಟು ಓಡಿದೆ, ದ್ರವ ಎಷ್ಟು ಉಳಿದಿದೆ ಅಂತ ಹೊರಗಿನಿಂದ ತಿಳಿಯುವ ದಾರಿಯಿಲ್ಲ. ಏರ್ ಕೂಲರ್ ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಕೊಳ್ಳಬಹುದು.

ಜೋಡಣೆ ಮತ್ತು ಪರೀಕ್ಷೆ

ತಾಮ್ರದ ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ಅಂತ ಒಂದು ಸಲ ಅಲ್ಲ, ಎರಡು ಸಲ ನೋಡಿ. ಅಂಗಡಿಯವರು ಜೋಡಿಸಿದರೂ ಎದುರಿಗೆ ನಿಂತು ನೋಡಿ. ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ತಟ್ಟೆಗೆ ಬಿಸಿ ದಾಟಿಸುವ ಲೇಪ) ಮೊದಲೇ ಹಚ್ಚಿ ಬಂದಿಲ್ಲದಿದ್ದರೆ ಪ್ರೊಸೆಸರ್ ಮುಖವೆಲ್ಲ ತೆಳುವಾಗಿ ಮುಚ್ಚುವಷ್ಟು ಹಾಕಿ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪಂಪ್ ತಂತಿ ಎಐಒ ಪಂಪ್ ಅಂತ ಬರೆದ ಹೆಡರ್‌ಗೆ, ರೇಡಿಯೇಟರ್ ಫ್ಯಾನ್ ಸಿಪಿಯು ಫ್ಯಾನ್ ಹೆಡರ್‌ಗೆ. ಸಿಪಿಯು ಫ್ಯಾನ್ ಹೆಡರ್ ಖಾಲಿ ಬಿಟ್ಟರೆ ಎಷ್ಟೋ ಬೋರ್ಡ್‌ಗಳು ಎರರ್ ತೋರಿಸಿ ಶುರುವಾಗುವುದೇ ಇಲ್ಲ. ಎರಡಕ್ಕೂ ಒಂದೇ ತಂತಿ ಕೊಟ್ಟಿರುವ ಮಾಡೆಲ್‌ಗಳೂ ಇವೆ, ಅದರ ಕೈಪಿಡಿ ಹೇಳಿದಂತೆ ಮಾಡಿ. ಪಂಪನ್ನು ಬಯೋಸ್‌ನಲ್ಲಿ ಒಂದೇ ವೇಗಕ್ಕೆ ಇಡಿ, ಏರಿಳಿಸಬೇಡಿ.

ಪರೀಕ್ಷೆಗೆ ಐದು ನಿಮಿಷ ಸಾಲದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಹೊತ್ತು ಬೇಕಲ್ಲ, ಹಾಗೆಯೇ ಒಳಗಿನ ದ್ರವ ನಿಧಾನವಾಗಿ ಕಾಯುತ್ತದೆ. ಮೊದಲ ಐದು ನಿಮಿಷ ಎಲ್ಲ ಕೂಲರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಅರ್ಧ ಗಂಟೆ ಬಿಡಿ, ಕೋಣೆಯ ಡಿಗ್ರಿ ಬರೆದಿಡಿ, ಅಂತರ ಲೆಕ್ಕ ಹಾಕಿ. ಆ ಅಂತರಕ್ಕೆ 35 ಕೂಡಿಸಿದಾಗ ಬರುವ ಸಂಖ್ಯೆ ನಿಮ್ಮ ಚಿಪ್‌ನ ಮಿತಿಗಿಂತ ಕೆಳಗಿದ್ದರೆ ಬೇಸಿಗೆಗೂ ಸಾಕು. ಮಿತಿ ದಾಟಿದರೆ ಬಯೋಸ್‌ನಲ್ಲಿ ಇಪ್ಪತ್ತು ವಾಟ್ ಇಳಿಸಿ ಮತ್ತೆ ನೋಡಿ. 95ಕ್ಕೇ ಹೋಗಿ ನಿಲ್ಲುವ ರೈಜನ್‌ಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಅಲ್ಲಿ ಡಿಗ್ರಿ ಬದಲು ವಾಟ್ ಮತ್ತು ವೇಗ ಕುಸಿಯುತ್ತಿದೆಯಾ ಅಂತಲೇ ನೋಡಬೇಕು.

ಫ್ಯಾನ್ ವೇಗವನ್ನು ಪ್ರೊಸೆಸರ್ ಡಿಗ್ರಿಗೆ ಕಟ್ಟಿದರೆ ಬ್ರೌಸರ್ ತೆರೆದಾಗೆಲ್ಲ ಭರ್ ಅಂತ ಏರಿ ಇಳಿಯುತ್ತದೆ, ರಾತ್ರಿ ಮನೆಯವರು ಮಲಗಿರುವಾಗ ಅದು ಬಹಳ ಕಿರಿಕಿರಿ. ದ್ರವದ ಡಿಗ್ರಿ ತೋರಿಸುವ ಕೂಲರ್ ಆದರೆ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಬಯೋಸ್‌ನಲ್ಲಿ ಫ್ಯಾನ್ ಏರುವುದಕ್ಕೆ ಕೆಲವು ಸೆಕೆಂಡ್ ತಡ ಹಾಕಿ.

ಧೂಳು, ಕರೆಂಟು, ಪಂಪ್

ರಸ್ತೆ ಅಗೆತ, ಮೆಟ್ರೊ ಕೆಲಸ, ಪಕ್ಕದ ಸೈಟಿನ ಕಟ್ಟಡ, ಇವುಗಳ ನಡುವೆ ಇರುವವರು ತಿಂಗಳಿಗೊಮ್ಮೆ ಕ್ಯಾಬಿನೆಟ್ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಬೇಸಿಗೆ ಶುರುವಾಗುವ ಮುಂಚೆ ರೇಡಿಯೇಟರ್‌ಗೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಬ್ಲೋವರ್ ಗಾಳಿಗೆ ಅದು ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ಕರೆಂಟು ಹೋದರೆ ಪಂಪ್‌ಗೆ ಏನೂ ಆಗದು, ಪ್ರೊಸೆಸರೂ ಜೊತೆಗೇ ನಿಂತಿರುತ್ತದೆ. ಆದರೆ ಯುಪಿಎಸ್ ಅಳತೆ ನೋಡಿಕೊಳ್ಳಿ: 250 ವಾಟ್ ಪ್ರೊಸೆಸರ್, ಅದರ ಮೇಲೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ತಡೆಯುವುದಿಲ್ಲ.

ಪಂಪ್ ಸಾಯುತ್ತಿದೆ ಅಂತ ತಿಳಿಯುವುದು ಹೀಗೆ. ಏನೂ ಕೆಲಸ ಇಲ್ಲದಿದ್ದಾಗಲೂ ಡಿಗ್ರಿ 60, 70 ದಾಟಿರುತ್ತದೆ. ಸ್ವಲ್ಪ ಕೆಲಸ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಮಿತಿ ಮುಟ್ಟುತ್ತದೆ. ಟ್ಯೂಬ್ ಮುಟ್ಟಿ ನೋಡಿದರೆ ಪಂಪ್ ಹತ್ತಿರ ಸುಡುತ್ತದೆ, ರೇಡಿಯೇಟರ್ ತಣ್ಣಗಿರುತ್ತದೆ. ಬಯೋಸ್‌ನಲ್ಲಿ ಪಂಪ್ ವೇಗ ಸೊನ್ನೆ ಅಥವಾ ಏರುಪೇರು. ಹೊಸದು ಹಾಕಿದ ಮೊದಲ ದಿನಗಳಲ್ಲಿ ಸ್ವಲ್ಪ ಗುಳುಗುಳು ಸದ್ದು ಬಂದು ನಿಂತರೆ ಅದು ಸಹಜ, ವರ್ಷಗಳ ನಂತರ ಶುರುವಾದರೆ ದ್ರವ ಕಡಿಮೆಯಾಗಿದೆ ಅಂತ.

ಕೆಟ್ಟ ಕೂಲರನ್ನು ವಾರಂಟಿಗೆ ಕೊಟ್ಟರೆ ಬದಲಿ ಬರಲು ವಾರಗಳು ಹಿಡಿಯಬಹುದು. ಅಷ್ಟು ದಿನ ಕಂಪ್ಯೂಟರ್ ನಿಲ್ಲಿಸಲು ಆಗದವರು, ಅದರಲ್ಲೂ ಮನೆಯಿಂದಲೇ ಕೆಲಸ ಮಾಡುವವರು, ನಿಮ್ಮ ಸಾಕೆಟ್‌ಗೆ ಹೊಂದುವ ಒಂದು ಗೋಪುರದ ಅಗ್ಗದ ಏರ್ ಕೂಲರ್ ಮತ್ತು ಒಂದು ಟ್ಯೂಬ್ ಪೇಸ್ಟ್ ಕಪಾಟಿನಲ್ಲಿ ಇಟ್ಟುಕೊಳ್ಳಿ. ಅದನ್ನು ಹಾಕಿ, ಬಯೋಸ್‌ನಲ್ಲಿ ಮಿತಿಯನ್ನು 90 ವಾಟ್‌ಗೆ ಇಳಿಸಿದರೆ ಐ9 ಕೂಡ ಸಮಾಧಾನವಾಗಿ ಓಡುತ್ತದೆ, ಬದಲಿ ಬರುವ ತನಕ ಕೆಲಸ ನಿಲ್ಲುವುದಿಲ್ಲ.